ಮೆತ್ತನೆಯ ತೊಗಲು

ತಿಕೋಟಾದ ನಿಜಾಮುದ್ದೀನ ಯುದ್ಧದ ಕಾಲದಲ್ಲಿ ಪಲ್ಟನ್ನು ಸೇರಿ ಆಸಾಮದ ಕಡೆ ಲಾರಿ ಹೊಡೆದವನು. ಅಲ್ಲಿ ಗಾಡಿಯ ಬಣ್ಣ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಮುಂಜಾನೆ ಎಂಜಿನ್ನು ಚಾಲೂ ಆಗಬೇಕು, ಸಂಜೆಯವರೆಗೆ ಗಾಲಿ ಕೆಸರಿನಲ್ಲಿ ಹೂಳಬಾರದು, ಅಷ್ಟೇ. ಲಡಾಯಿ ಮುಗಿದು ಊರಿಗೆ ಬಂದ ಮೇಲೆ ಅಪ್ಪನ ಹೊಲದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಮಾತು ಕಡಿಮೆ, ಕೆಲಸ ಚೊಕ್ಕ. ಅನ್ನದಲ್ಲಿ ಒಂದು ಕೂದಲು ಕಂಡರೂ ತಾಟು ಸರಿಸಿ ಏಳುವಷ್ಟು ಹೇಸಿಕೊಳ್ಳುವ ಸ್ವಭಾವ. "ಇಷ್ಟು ಹೇಸಾವ್ರು ಪಲ್ಟನ್ನಿನಾಗ ಹ್ಯಾಂಗ ಉಂಡ್ರಿ?" ಎಂದು ಹೆಂಡತಿ ಹಾಜಿರಾಬಿ ಅವನನ್ನು ಕಾಡಿಸುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ವಿಜಾಪುರದ ಅರಳೆ ವ್ಯಾಪಾರಿ ಗುರಲಿಂಗಪ್ಪ ಮುಂಬಯಿಯಲ್ಲಿ ಹೊಸ ವಿಲಾಯತಿ ಕಾರು ಕೊಂಡ. ಅವನ ಮೂಲ ಊರು ನಿಡೋಣಿ. ಅಲ್ಲಿ ತೋಟ, ಹೊಲ. ವಿಜಾಪುರದಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ದೊಡ್ಡ ಮನೆ. ಕಾರು ನಡೆಸಲು ಒಬ್ಬ ಬೇಕಾಗಿತ್ತು. ಪಲ್ಟನ್ನಿನಲ್ಲಿ ಇದ್ದು ಬಂದವನೆಂದು ನಿಜಾಮುದ್ದೀನನನ್ನು ಇಟ್ಟುಕೊಂಡ. ನಿಜಾಮುದ್ದೀನ ಹೆಂಡತಿ, ಹಸುಗೂಸನ್ನು ಕರೆದುಕೊಂಡು ಬಂದು ವಿಜಾಪುರದಲ್ಲಿ ಒಂದು ಖೋಲಿ ಹಿಡಿದ.

ಕಪ್ಪು ಬಣ್ಣದ ಕಾರು. ಬಾನೆಟ್ಟಿನ ಮೇಲೆ ಬಗ್ಗಿದರೆ ಮುಖ ಕಾಣುತ್ತಿತ್ತು. ಗುರಲಿಂಗಪ್ಪ ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವನೇ ಕಾರಿನ ಮೇಲೆ ಬಗ್ಗಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಕನ್ನಡಿ ಇರಲಿಲ್ಲವೆಂದಲ್ಲ. ಓಣಿಯಲ್ಲಿ ಹೋಗುವವರು ನಿಂತು ನೋಡುವವರೆಗೆ ಅವನು ಬಗ್ಗಿಯೇ ಇರುತ್ತಿದ್ದ.

ಕಾರು ಮುಂಬಯಿಯಿಂದ ಬರುವಾಗ ಸೊಲ್ಲಾಪುರದ ಒಂದು ಗ್ಯಾರೇಜಿನಲ್ಲಿ ನಿಜಾಮುದ್ದೀನ ಬಣ್ಣ ಕಾಯುವ ಸಾಮಾನು ಕೇಳಿದ್ದ. ಅವರು ಎರಡು ಡಬ್ಬಿ ಕೊಟ್ಟಿದ್ದರು. ಒಂದರಲ್ಲಿ ಮೇಣ. ಇನ್ನೊಂದರಲ್ಲಿ ನುಣ್ಣನೆ ಮರಳು ಕಲಸಿದಂಥ ಕೆಂಪು ಗಸಿ. ಬಣ್ಣ ಮಾಸಿದ ಹಳೆಯ ಗಾಡಿಗೆ ಮಾತ್ರ ಅದು. ಹೊಸ ಬಣ್ಣಕ್ಕೆ ಅದನ್ನು ಮುಟ್ಟಿಸಬಾರದೆಂದು ಅವರು ಹೇಳಿದ್ದರೋ ಇಲ್ಲವೋ, ನಿಜಾಮುದ್ದೀನನಿಗೆ ನೆನಪಿರಲಿಲ್ಲ. ಲಾರಿ ಹೊಡೆದವನಿಗೆ ಹೊಳಪಿನ ಕೆಲಸ ಹೊಸದು. ಒಂದು ದಿನ ಗಸಿಯನ್ನೇ ಮೇಣವೆಂದು ತಿಳಿದು, ಕಂಬಳಿಯ ತುಂಡಿಗೆ ಹಚ್ಚಿ ಬಾನೆಟ್ಟನ್ನು ಬಲವಾಗಿ ತಿಕ್ಕಿದ. ಒರೆಸಿ ನೋಡಿದಾಗ ಕಪ್ಪು ಬಣ್ಣದ ಮೇಲೆಲ್ಲ ಜೇಡರ ಬಲೆಯಂಥ ಗೆರೆಗಳು. ಬಿಸಿಲಿಗೆ ಅವು ಇನ್ನೂ ಎದ್ದು ಕಾಣುತ್ತಿದ್ದವು.

ಗುರಲಿಂಗಪ್ಪ ಬಗ್ಗಿ ನೋಡಿದ. ಮೀಸೆ ಮಸುಕಾಗಿತ್ತು.

"ಏನ್ ಮಾಡಿದಿ ಲೇ ಇದನ್ನ?"

"ತಪ್ಪಾತ್ರಿ ಸಾವಕಾರ್ರ. ಡಬ್ಬಿ ಅದಲು ಬದಲು ಆತು. ಮೇಣ ಹಚ್ಚಿ ಮೆತ್ತನ್ನ ಅರಿವೀಲೆ ಒರಸಿದ್ರ ಕಮ್ಮಿ ಆಕ್ಕೈತ್ರಿ."

"ಇನ್ನ ನಿನ್ನ ಶ್ಯಾಣ್ಯಾತನ ಸಾಕು. ನಾ ಹೇಳಿದ್ದು ಅಷ್ಟ ಮಾಡು."

ಅಂದಿನಿಂದ ಯಾವುದನ್ನು ಹಚ್ಚಬೇಕು, ಯಾವುದರಿಂದ ತಿಕ್ಕಬೇಕು ಎನ್ನುವುದು ಗುರಲಿಂಗಪ್ಪನ ಕೆಲಸವಾಯಿತು. ಗಾಂಧಿ ಚೌಕದ ಅಂಗಡಿಕಟ್ಟೆಯ ಮೇಲೆ ಕುಳಿತು ಬಂದವರನ್ನೆಲ್ಲ ಕೇಳಿದ. ಎತ್ತಿನ ಕೋಡಿಗೆ ಎಣ್ಣೆ ಸವರಿದವರೆಲ್ಲ ಕಾರಿನ ಬಣ್ಣಕ್ಕೂ ಔಷಧ ಹೇಳಿದರು. ಮೊದಲು ಬಂದದ್ದು ಕುಸುಬಿ ಎಣ್ಣೆಯಲ್ಲಿ ಕಿವುಚಿದ ಬಾಳೆಹಣ್ಣು. ನಿಜಾಮುದ್ದೀನ ಬೇಡವೆಂದು ಹೇಳುವ ಧೈರ್ಯ ಮಾಡಲಿಲ್ಲ. ಹಚ್ಚಿದ. ಕಾರು ಮಿಂಚಿತು. ಆ ಮಿಂಚಿನಲ್ಲಿಯೇ ನಿಡೋಣಿಗೆ ಹೋಗಿ ಬಂದರು.

ದಾರಿಯ ಕರಿಮಣ್ಣಿನ ಧೂಳು ಎಣ್ಣೆಗೆ ಕೂತು ಹಿಟ್ಟಿನಂತೆ ದಪ್ಪವಾಯಿತು. ಅದರಲ್ಲಿ ಹೊಟ್ಟು, ಸೊಳ್ಳೆ, ರೆಕ್ಕೆ ಹರಿದ ಚಿಟ್ಟೆ. ಮರುದಿನ ಬಿಸಿಲಿಗೆ ಬಾಳೆಹಣ್ಣು ಹುಳಿತು ನಾರತೊಡಗಿತು. ಮನೆಯ ಕರು ಬಂದು ಮಡ್‌ಗಾರ್ಡು ನೆಕ್ಕಿತು. ಇರುವೆಗಳು ಗಾಜಿನ ಸಂದಿಯಲ್ಲಿ ಸಾಲು ಹಿಡಿದವು. ನಿಜಾಮುದ್ದೀನ ಇಡೀ ದಿನ ಬಿಸಿನೀರು ಹಾಕಿ ಉಗುರಿನಿಂದ ಕೆರೆದು ತೆಗೆದ. ಉಗುರಿನೊಳಗೆ ಸೇರಿದ ಜಿಡ್ಡನ್ನು ಊಟಕ್ಕೆ ಕೂಡುವ ಮೊದಲು ಕಡ್ಡಿಯಿಂದ ಒಂದೊಂದಾಗಿ ಕೆದರಿ ತೆಗೆದ.

ಆಮೇಲೆ ಅರಿವೆಗಳ ಸರದಿ. ಗುರಲಿಂಗಪ್ಪ ಧೋತರದ ತುಂಡು ಬಿರುಸು ಎಂದ. ಮಖಮಲ್ಲು ಬಣ್ಣ ಬಿಡುತ್ತದೆ ಎಂದ. ಒಂದು ಮುಂಜಾನೆ ಕೆಂಪು ರೇಷ್ಮೆಯ ತುಂಡೊಂದನ್ನು ತಂದು ನಿಜಾಮುದ್ದೀನನ ಕೈಗೆ ಕೊಟ್ಟು, "ಇದರಾಂಗ ಮೆತ್ತಂದು ಊರಾಗಿಲ್ಲ, ತಿಕ್ಕು" ಎಂದ. ನಿಜಾಮುದ್ದೀನ ಮೇಣ ಹಚ್ಚಿ ತಿಕ್ಕುತ್ತಿದ್ದ. ಹೊಸ್ತಿಲ ಮೇಲೆ ಯಾರೋ ನಿಂತಂತಾಗಿ ತಿರುಗಿ ನೋಡಿದರೆ ಗುರಲಿಂಗಪ್ಪನ ಹೆಂಡತಿ ಗುರುಬಸವ್ವ.

"ಅದು ನನ್ನ ಲಗ್ನದ ಸೀರಿ ಸೆರಗು" ಎಂದಳು.

ನಿಜಾಮುದ್ದೀನನ ಕೈ ನಿಂತಿತು. ಇಳಕಲ್ಲ ಸೀರೆಯ ಸೆರಗನ್ನು ಅಡ್ಡಕ್ಕೆ ಹರಿದಿದ್ದರು. ಅಂಚಿನ ಎಳೆಗಳು ಜೋತಾಡುತ್ತಿದ್ದವು. "ನನಗ ಗೊತ್ತಿರಲಿಲ್ರಿ ಅವ್ವಾರ" ಎಂದು ಅವನು ಅದನ್ನು ಮುಂದೆ ಚಾಚಿದ. ಕಪ್ಪು ಜಿಡ್ಡು ಮೆತ್ತಿದ ಸೆರಗನ್ನು ಅವಳು ಮುಟ್ಟಲಿಲ್ಲ. ಒಳಗಿನಿಂದ ಗುರಲಿಂಗಪ್ಪ ಕೂಗಿ ಹೇಳಿದ: "ಪೆಟ್ಟಿಗ್ಯಾಗ ಇಟ್ಟು ನುಸಿ ತಿನಸಾಕತ್ತಿದ್ದಿ, ಕೆಲಸಕ್ಕರ ಬರ್ಲಿ!" ಗುರುಬಸವ್ವ ಒಳಗೆ ಹೋದಳು. ನಿಜಾಮುದ್ದೀನ ಆ ತುಂಡನ್ನು ಮತ್ತೆ ಕೈಯಲ್ಲಿ ಹಿಡಿಯಲಾರದೆ ನೀರಿನ ಬಾನಿಯ ಹಿಂದೆ ಇಟ್ಟ.

ಗುರುಬಸವ್ವನ ತಮ್ಮ ಶಿವಶರಣಪ್ಪ ಬಬಲೇಶ್ವರದಲ್ಲಿ ಇದ್ದ. ಅವನೂ ಉಳ್ಳವನೇ, ಅವನೂ ಅದೇ ವರ್ಷ ಕಾರು ತಂದಿದ್ದ. ಅವನ ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಮಾತುಕತೆಗೆ ಗುರಲಿಂಗಪ್ಪ ಬಬಲೇಶ್ವರಕ್ಕೆ ಹೋದ ದಿನ ಎರಡೂ ಕಾರುಗಳು ಅಂಗಳದಲ್ಲಿ ಒಂದರ ಮಗ್ಗಲು ಒಂದು ನಿಂತವು. ಶಿವಶರಣಪ್ಪನ ಕಾರು ಕೆರೆಯ ನೀರಿನಂತೆ ಇತ್ತು. ಗುರಲಿಂಗಪ್ಪನದು ಗೆರೆ ಗೆರೆ. ನಿಜಾಮುದ್ದೀನ ಹೊರಗೆ ಬೇವಿನ ನೆರಳಲ್ಲಿ ಕುಳಿತಿದ್ದ. ಒಳಗೆ ಊಟದ ಪಂಕ್ತಿಯಲ್ಲಿ ಏನು ಮಾತಾಯಿತೋ ಅವನಿಗೆ ಕೇಳಿಸಲಿಲ್ಲ. ಎರಡೂ ಕಾರು ನೋಡಿ ಗುಮ್ಮೆಂದು ಒಳಗೆ ಹೋಗಿದ್ದ ಗುರಲಿಂಗಪ್ಪ ಊರಿಗೆ ಮರಳುವಾಗ ಮಾತ್ರ ಗೆಲುವಾಗಿದ್ದ.

ಒಂದೆರಡು ದಿನ ಬಿಟ್ಟು ನಿಜಾಮುದ್ದೀನನನ್ನು ಕರೆದ. "ನಿಡೋಣಿ ತ್ವಾಟದಾಗ ಕುರಿ ಸಾಕಬೇಕಂತೀನಿ. ಅರಕೇರಿಗೆ ಹೋಗಿ ಒಂದು ಗಬ್ಬದ ಕುರಿ ತಗೊಂಡು ಬಾ. ದಿನ ತುಂಬಾಕ ಬಂದಿದ್ದ ಬೇಕು."

ಮನೆಯಲ್ಲಿ ತತ್ತಿಯ ಹೆಸರೂ ಎತ್ತದ ಲಿಂಗವಂತ ಸಾವಕಾರ. ಕುರಿಯನ್ನು ಸಾಕಲಲ್ಲದೆ ಇನ್ನೇತಕ್ಕೆ ತರಿಸುತ್ತಾನೆ? ನಿಜಾಮುದ್ದೀನನಿಗೆ ಸಂಶಯ ಬರಲಿಲ್ಲ. ಎಣ್ಣೆ, ಸೆರಗುಗಳ ಹುಚ್ಚು ಇಳಿದು ಒಂದು ಒಳ್ಳೆಯ ಕೆಲಸಕ್ಕೆ ಮನಸ್ಸು ಮಾಡಿದನಲ್ಲ ಎಂದು ಸಮಾಧಾನವೇ ಆಯಿತು.

ಅರಕೇರಿಯ ಹೊರಗೆ ಜೋಳ ಕೊಯ್ದ ಹೊಲದಲ್ಲಿ ರುದ್ರವ್ವನ ಕುರಿಗಳು ಮೇಯುತ್ತಿದ್ದವು. ರುದ್ರವ್ವ ಗಂಡ ಸತ್ತ ಮೇಲೆ ಹಿಂಡನ್ನು ತಾನೇ ಕಾಯುತ್ತಿದ್ದ ಕುರುಬರ ಹೆಂಗಸು. ನಡೆಯುತ್ತಲೇ ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ನಿಜಾಮುದ್ದೀನ ಬಂದ ಕಾರಣ ಹೇಳಿದ.

"ಗಬ್ಬದ ಕುರಿ ನಾ ಮಾರಂಗಿಲ್ಲ ತಮ್ಮಾ. ಯಾರು ಒಯ್ತಾರ, ಯಾಕ ಒಯ್ತಾರ, ಯಾರಿಗೆ ಗೊತ್ತು?"

"ಸಾಕಾಕ ಬೇ ಯವ್ವಾ. ಸಾವಕಾರ್ರು ತ್ವಾಟದಾಗ ಬಿಡ್ತಾರ. ಹುಲ್ಲು ನೀರು ಬೇಕಾದಷ್ಟು ಐತಿ."

"ಕೊಯ್ಯಂಗಿಲ್ಲ ಹೌದಲ್ಲ?"

"ನನ್ನ ಕೂಸಿನ ಆಣಿ. ಕೊಯ್ಯಾಕಲ್ಲ."

ಆಣೆ ಕೇಳಿದ ಮೇಲೆ ಅವಳು ಹಿಂಡಿನಲ್ಲಿ ಹೊಕ್ಕು ಒಂದು ಕರಿಯ ಕುರಿಯನ್ನು ಹಿಡಿದು ತಂದಳು. ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗಿನ ಮರಿ ಹೊರಳುವುದನ್ನು ನೋಡು ಎಂದು ನಿಜಾಮುದ್ದೀನನ ಕೈಯನ್ನೂ ಇಡಿಸಿದಳು. ಚೀಲದಿಂದ ಭಂಡಾರದ ಅರಿಷಿಣ ತೆಗೆದು ಕುರಿಯ ಹಣೆಗೆ ಹಚ್ಚಿದಳು. "ಹಾದಿಯಾಗ ಓಡಸಬ್ಯಾಡ" ಎಂದು ಹೊಲದ ಬದುವಿನವರೆಗೂ ಬಂದಳು. ವಿಜಾಪುರದ ಅಗಸೆ ಬಾಗಿಲ ಹತ್ತಿರ ನಿಡೋಣಿ ತೋಟದ ಆಳು ಬಂಡಿ ತಂದು ಕಾಯುತ್ತಿದ್ದ. ನಿಜಾಮುದ್ದೀನ ಕುರಿಯನ್ನು ಮೆಲ್ಲಗೆ ಎತ್ತಿ ಬಂಡಿಯಲ್ಲಿ ಮಲಗಿಸಿ ಹಗ್ಗ ಅವನ ಕೈಗೆ ಕೊಟ್ಟ.

ಮದುವೆ ಹತ್ತಿರ ಬಂತು. ಅದೇ ಆಳು ಒಂದು ಮುಂಜಾನೆ ತಗಡಿನ ಡಬ್ಬಿ ತಂದು ಕಾರಿನ ಶೆಡ್ಡಿನಲ್ಲಿಟ್ಟು ಹೋದ. ಗುರಲಿಂಗಪ್ಪ ಬಾಗಿಲಲ್ಲಿ ದೂರ ನಿಂತು, "ತಗಿ ಅದನ್ನ" ಎಂದ.

ಮುಚ್ಚಳ ತೆಗೆದೊಡನೆ ನಾತ ಮುಖಕ್ಕೆ ಹೊಡೆಯಿತು. ಒಳಗೆ ಉಪ್ಪು, ಪಟಿಕದ ನೀರಿನಲ್ಲಿ ತೋಯ್ದ ಒಂದು ಸಣ್ಣ ತೊಗಲು. ಅದರ ಮೇಲೆ ಎಳ್ಳಿನ ಕಾಳಿನಷ್ಟು ಸಣ್ಣ ಸುರುಳಿ ಕೂದಲು, ಕಪ್ಪಗೆ, ನೀರಿಳಿಯುವಂತೆ ನುಣ್ಣಗೆ. ಕೊಯ್ದವನು ಅವಸರ ಮಾಡಿರಬೇಕು. ಒಂದು ಮೂಲೆಗೆ ಕಿವಿ ಹಾಗೆಯೇ ಉಳಿದಿತ್ತು, ಹುಣಸೆ ಎಲೆಯ ಚಿಗುರಿನಷ್ಟು ಎಳೆಯ ಕಿವಿ.

"ಏನ್ರಿ ಇದು?"

"ತೊಗಲು. ಇನ್ನ ಭೂಮಿಗೆ ಬಿದ್ದಿರಲಿಲ್ಲ ಅದು. ಹುಟ್ಟದ ಮರಿ ತೊಗಲಿನಕಿಂತ ಮೆತ್ತಂದು ದುನಿಯಾದಾಗ ಇಲ್ಲಂತ. ಶಿವಶರಣಪ್ಪ ಅದರ್ಲೆ ತಿಕ್ಕಸ್ತಾನ. ಅದಕ್ಕ ಅವನ ಗಾಡಿ ಹಾಂಗ ಹೊಳೀತೈತಿ."

ನಿಜಾಮುದ್ದೀನನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಂಗೈಯ ಕೆಳಗೆ ಹೊರಳಿದ ಆ ಹೊಟ್ಟೆ ನೆನಪಾಯಿತು.

"ಕುರಿ ಎಲ್ಲೈತ್ರಿ?"

"ಕುರಿ ಯಾರಿಗೆ ಬೇಕಾಗಿತ್ತು?"

"ಸಾಕಾಕ ಅಂದಿದ್ರಲ್ಲರಿ ಸಾವಕಾರ್ರ. ನಾ ಆಕಿಗೆ ಆಣಿ ಮಾಡಿ ತಂದೀನಿ."

"ನಿನಗ ಯಾರು ಆಣಿ ಮಾಡಂದಿದ್ರು?" ಗುರಲಿಂಗಪ್ಪ ನಕ್ಕ. "ನೀವು ತಿನ್ನಾವ್ರು, ನಿನಗ್ಯಾಕ ಇಷ್ಟ ಹೇಸಿಗಿ? ಮಾಂಸದ ನೆರಳು ಬೀಳದ ಮನಿ ನಂದು, ನಾನ ಸುಮ್ಮನ ಅದೇನಿ. ಬಾನೆಟ್ಟು ಕೆಡಿಸಿದಾಂವ ನೀನು. ನೀನ ಸರಿ ಮಾಡು. ಇಲ್ಲಂದ್ರ ತಿಕೋಟಾ ಹಾದಿ ಹಿಡಿ."

"ತಿನ್ನೂದು ಬ್ಯಾರೆ ಐತ್ರಿ" ಎಂದಷ್ಟೇ ಹೇಳಲು ಅವನಿಗಾಯಿತು. ಗುರಲಿಂಗಪ್ಪ ಆಗಲೇ ತಿರುಗಿದ್ದ. ಡಬ್ಬಿಯನ್ನು ಬೆರಳಿನಿಂದಲೂ ಮುಟ್ಟದವನು ಬಾನಿಯ ಹತ್ತಿರ ನಿಂತು ಎರಡೂ ಕೈ ತೊಳೆದುಕೊಂಡು, ಎದೆಯ ಮೇಲಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದ.

ನಿಜಾಮುದ್ದೀನ ಅಂದೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಖೋಲಿ, ಹೆಂಡತಿ, ಕೂಸು ಎಲ್ಲ ಕಣ್ಣ ಮುಂದೆ ಬಂದವು. ಚಾಕುವಿನಿಂದ ಕಿವಿಯನ್ನು ಕತ್ತರಿಸಿ, ತೊಗಲನ್ನು ಅರಳೆಯ ಉಂಡೆಗೆ ಸುತ್ತಿ ದಾರ ಕಟ್ಟಿ, ಮೆತ್ತೆ ಮಾಡಿ, ಮುಖ ಒಂದು ಕಡೆ ತಿರುಗಿಸಿ ತಿಕ್ಕಿದ. ಸರಿಯಾಗಿ ಹದ ಮಾಡದ ತೊಗಲು. ಒತ್ತಿದಂತೆ ಅದರ ಒಳಗಿನ ಕೊಬ್ಬು ಬಿಸಿಲಿಗೆ ಕರಗಿ ಬೆರಳ ಸಂದಿಗೆ ಬರುತ್ತಿತ್ತು. ಗೆರೆಗಳು ಆ ಜಿಡ್ಡಿನ ಕೆಳಗೆ ಮುಚ್ಚಿಹೋದವು. ಕಾರು ಹೊಳೆಯಿತು. ಗುರಲಿಂಗಪ್ಪ ಬಂದು ಬಗ್ಗಿ ಮೀಸೆ ನೋಡಿಕೊಂಡು, "ಈಗ ನೋಡು!" ಎಂದ.

ಮನೆಗೆ ಬಂದ ನಿಜಾಮುದ್ದೀನ ಸೀಗೆಪುಡಿ ಹಾಕಿ ಕೈ ತೊಳೆದ, ಬೂದಿ ಹಾಕಿ ತೊಳೆದ. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದು ಬಾಯಿಯ ಹತ್ತಿರ ತಂದವನು ಎದ್ದು ಹೊರಗೆ ಹೋಗಿ ಗಟಾರದ ಬಳಿ ಕೂತ. ಮತ್ತೆ ಬೂದಿ ಹಚ್ಚಿ ಕೈ ತಿಕ್ಕಿದ. ಎತ್ತಿಕೊಳ್ಳಲೆಂದು ಹಾಜಿರಾಬಿ ಕೂಸನ್ನು ಮುಂದೆ ಚಾಚಿದಾಗ ಅವನು ಕೈ ಹಿಂದೆ ಮಾಡಿಕೊಂಡ.

"ಏನಾತ್ರಿ? ಕೈಗೆ ಏನ್ ಹತ್ತೇತಿ?"

ಅವನು ಎಲ್ಲ ಹೇಳಿದ. ಹಾಜಿರಾಬಿ ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ನಮ್ಮ ಕೂಸಿನ ಆಣಿ ಮಾಡಿ ತಂದ್ರಿ?" ಎಂದು ಅಷ್ಟನ್ನೇ ಕೇಳಿದಳು.

ಮದುವೆಯ ದಿನ ಗುರಲಿಂಗಪ್ಪ, ಗುರುಬಸವ್ವ ಕಾರಿನಲ್ಲಿ ಬಬಲೇಶ್ವರಕ್ಕೆ ಹೊರಟರು. ಊರು ಮುಟ್ಟಿದ ಮೇಲೆ ಧೂಳು ತಿಕ್ಕಲು ಬೇಕೆಂದು ಗುರಲಿಂಗಪ್ಪ ತೊಗಲಿನ ಡಬ್ಬಿಯನ್ನೂ ಹಿಂದಿನ ಡಿಕ್ಕಿಯಲ್ಲಿ ಇಡಿಸಿದ್ದ. ಬಿಸಿಲು ಏರಿದಂತೆ ಹಿಂದಿನಿಂದ ನಾತ ಬರತೊಡಗಿತು. ಗುರುಬಸವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಹಾದಿಯಾಗ ಎಲ್ಲೋ ದನ ಸತ್ತಿರಬೇಕು" ಎಂದ ಗುರಲಿಂಗಪ್ಪ. ಆ ದನ ಬಬಲೇಶ್ವರದವರೆಗೂ ಜೊತೆಗೇ ಬಂತು.

ಹಂದರದ ಮಗ್ಗಲಿಗೆ ಎರಡೂ ಕಾರು ನಿಂತವು. ಗುರಲಿಂಗಪ್ಪ ರುಮಾಲು ಸರಿಮಾಡಿಕೊಂಡು ತನ್ನ ಕಾರಿನ ಹತ್ತಿರವೇ ನಿಂತ, ಬರುವವರು ನೋಡಲೆಂದು. ಮೊದಲು ಬಂದದ್ದು ನೊಣ. ಒಂದು ಕೂತಿತು, ಹತ್ತಾಯಿತು, ನೋಡನೋಡುತ್ತ ಬಾನೆಟ್ಟು, ಮಡ್‌ಗಾರ್ಡು, ಬಾಗಿಲುಗಳ ಮೇಲೆಲ್ಲ ಹಸಿರು ನೊಣಗಳು ಮುತ್ತಿಕೊಂಡು ಜುಂಯ್‌ಗುಡತೊಡಗಿದವು. ಮಗ್ಗಲಿನ ಕಾರಿನ ಮೇಲೆ ಒಂದೂ ಇಲ್ಲ. ಹೂರಣದ ತಾಟು ಹೊತ್ತ ಹೆಂಗಸರು ದೂರ ಸರಿದು ಹೋದರು. ಗಂಡಿನ ಕಡೆಯ ಮುದುಕನೊಬ್ಬ ಮೂಗು ಹಿಡಿದು ಥೂ ಎಂದು ಉಗಿದ.

ಶಿವಶರಣಪ್ಪ ಓಡಿ ಬಂದ. "ಇದೇನ್ ಮಾಮಾ ನಾತ?"

ಗುರಲಿಂಗಪ್ಪನ ಮುಖ ಕೆಂಪಾಯಿತು. ಎಲ್ಲರಿಗೂ ಕೇಳುವಂತೆ, "ಈ ಹೊಲಸ್ಯಾ ಯಾವದೋ ತೊಗಲು ತಂದು ತಿಕ್ಯಾನ ನೋಡು! ಇವಕ್ಕ ಶುಚಿ ಅನ್ನೂದು ಗೊತ್ತಿಲ್ಲ" ಎಂದು ನಿಜಾಮುದ್ದೀನನ ಕಡೆ ಕೈ ಮಾಡಿದ.

ಜನ ನಿಜಾಮುದ್ದೀನನನ್ನು ನೋಡಿದರು. ಗುರುಬಸವ್ವ ಮುಂದೆ ಬಂದಳು.

"ಏನ್ ತೊಗಲಪಾ ಅದು? ನನಗ ಹೇಳು."

"ಹುಟ್ಟದ ಕುರಿಮರಿದರಿ ಅವ್ವಾರ. ಸಾವಕಾರ್ರು ಹೇಳಿದ್ರು, ಅರಕೇರಿ ರುದ್ರವ್ವನ ಕಡಿಂದ ಗಬ್ಬದ ಕುರಿ ನಾನ ತಂದೆ, ಸಾಕಾಕ ಅಂತ. ತಾಯಿ ಹೊಟ್ಟಿ ಸೀಳಿ ತಗದಾರ. ಗಾಡಿ ಹೊಳೀಬೇಕಂತ. ಶಿವಶರಣಪ್ಪ ಸಾವಕಾರ್ರು ಹಂಗ ಮಾಡ್ತಾರಂತ."

ಶಿವಶರಣಪ್ಪ ಒಂದು ಗಳಿಗೆ ಕಣ್ಣು ಪಿಳುಕಿಸಿದ. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ. "ಅಯ್ಯ ಮಾಮಾ! ನಾ ಚ್ಯಾಷ್ಟಿಗೆ ಅಂದಿದ್ದು ಅದನ್ನ! ನೀ ಖರೇನ ಅಂತ ತಿಳಕೊಂಡ್ಯಾ? ನಮ್ಮ ಗಾಡಿಗೆ ಡಬ್ಬಿ ಮೇಣ ಹಚ್ಚಿ ನನ್ನ ಹಳೇ ಅಂಗಿ ಹರದು ತಿಕ್ಕತಾರ!"

ಸುತ್ತ ನಿಂತವರಲ್ಲಿ ಕೆಲವರು ನಕ್ಕರು. ಗುರಲಿಂಗಪ್ಪನೂ ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ನಗಲು ಶುರುಮಾಡಿದ. "ಹೋಗ್ಲಿ ಬಿಡೋ ಮಾರಾಯಾ, ಒಂದು ಕುರಿ ಹೋತು" ಎಂದ. ಭಾವ ಮೈದುನರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಕ್ಕರು. ಅವರ ಎಲೆ ಅಡಿಕೆಯ ಕೆಂಪು ಬಾಯಿಗಳನ್ನು ನೋಡುತ್ತ ನಿಂತ ನಿಜಾಮುದ್ದೀನನಿಗೆ ನೊಣಗಳಿಗಿಂತ, ನಾತಕ್ಕಿಂತ ಆ ನಗುವೇ ಹೊಲಸೆನಿಸಿತು. ಕಿಸೆಯಿಂದ ಕೀಲಿ ತೆಗೆದು ನೊಣ ಮುತ್ತಿದ ಬಾನೆಟ್ಟಿನ ಮೇಲೆ ಇಟ್ಟ.

"ಎಲ್ಲಿಗೆ ಹೊಂಟಿ ಲೇ? ಗಾಡಿ ಯಾರು ಹೊಡೀಬೇಕು?"

"ನೀವ ಹೊಡೀರಿ."

ಗುರುಬಸವ್ವ ಗಂಡನ ಕಡೆ ನೋಡದೆ ತಮ್ಮನಿಗೆ ಹೇಳಿದಳು: "ಶಿವಶರಣ, ಮದುವಿ ಮುಗಿದ ಮ್ಯಾಲ ನನಗ ಬಂಡಿ ಕಟ್ಟಸು. ಆ ಗಾಡ್ಯಾಗ ನಾ ಕಾಲಿಡಂಗಿಲ್ಲ." ಶಿವಶರಣಪ್ಪನ ನಗು ಆಗ ನಿಂತಿತು.

ನಿಜಾಮುದ್ದೀನ ಡಿಕ್ಕಿಯಿಂದ ಡಬ್ಬಿ ತೆಗೆದುಕೊಂಡು ಊರ ಹೊರಗೆ ನಡೆದ. ಬನ್ನಿಗಿಡದ ಬುಡದಲ್ಲಿ ಕಲ್ಲಿನಿಂದ ಕುಣಿ ತೋಡಿ ತೊಗಲನ್ನು ಹೂತ, ನಾಯಿ ಎಳೆಯದಂತೆ ಮೇಲೆ ಕಲ್ಲು ಹೇರಿದ. ಜೋಳದ ಕಣಿಕೆ ಹೇರಿಕೊಂಡು ಹೋಗುವ ಬಂಡಿಗಳಲ್ಲಿ ಅಷ್ಟಿಷ್ಟು ದೂರ ಕುಳಿತು, ಉಳಿದ ದಾರಿ ನಡೆದು ಮರುದಿನ ಅರಕೇರಿ ಮುಟ್ಟಿದ.

ರುದ್ರವ್ವ ಅವನನ್ನು ದೂರದಿಂದಲೇ ಗುರುತಿಸಿ ನಕ್ಕಳು. "ಈದತೇನು ತಮ್ಮಾ?"

ನಿಜಾಮುದ್ದೀನ ನಿಂತಲ್ಲೇ ಎಲ್ಲ ಹೇಳಿದ. ತನಗೆ ಗೊತ್ತಿರಲಿಲ್ಲವೆಂದೂ ಹೇಳಿದ, ಗೊತ್ತಾದ ಮೇಲೆ ತಾನೇ ಅದರಿಂದ ಕಾರು ತಿಕ್ಕಿದ್ದನ್ನೂ ಹೇಳಿದ. ತಕಲಿ ಅವಳ ಕೈಯಲ್ಲಿ ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತಿತು.

"ಕೊಯ್ಯುವಾಗ ಒದರಿತ್ತೇನು ಅದು?"

"ನಾ ಅಲ್ಲಿ ಇರಲಿಲ್ಲ ಬೇ ಯವ್ವಾ."

"ಇರಬೇಕಾಗಿತ್ತು ನೀನು" ಎಂದಳು ರುದ್ರವ್ವ. ಅವನ ಕಾಲ ಹತ್ತಿರ ನೆಲಕ್ಕೆ ಉಗುಳಿ, ಕುರಿಗಳನ್ನು ಹೊಡೆದುಕೊಂಡು ಹೊಲದ ಆಚೆ ಹೋದಳು.

ನಿಜಾಮುದ್ದೀನ ಹೆಂಡತಿ ಮಗುವಿನೊಂದಿಗೆ ತಿಕೋಟಾಕ್ಕೆ ಮರಳಿದ. ಕೆಲ ತಿಂಗಳು ಹೊಲದಲ್ಲಿ ಕೆಲಸ ಮಾಡಿ, ಮುಂದೆ ವಿಜಾಪುರ ತಿಕೋಟಾ ನಡುವೆ ಓಡುವ ಖಾಸಗಿ ಬಸ್ಸಿಗೆ ಡ್ರೈವರನಾದ. ಗುರಲಿಂಗಪ್ಪನ ಕಾರಿಗೆ ಇನ್ನೊಬ್ಬ ಬಂದ. ಗುರುಬಸವ್ವ ಮಾತ್ರ ಆಮೇಲೆ ತವರಿಗೆ ಹೋಗುವಾಗಲೆಲ್ಲ ಬಂಡಿಯಲ್ಲೇ ಹೋದಳೆಂದು ಗಾಂಧಿ ಚೌಕದ ಜನ ಆಡಿಕೊಳ್ಳುತ್ತಿದ್ದರು.

ಒಂದು ಮಳೆಗಾಲದ ಮಧ್ಯಾಹ್ನ, ಅರಕೇರಿಯ ಹಾದಿ ಕೂಡುವಲ್ಲಿ ತಲೆಯ ಮೇಲೆ ಕಂಬಳಿಯ ಗಂಟು ಹೊತ್ತ ಹೆಂಗಸೊಬ್ಬಳು ಬಸ್ಸಿಗೆ ಕೈ ಮಾಡಿದಳು. ನಿಜಾಮುದ್ದೀನ ಬಸ್ಸು ನಿಲ್ಲಿಸಿದ. ರುದ್ರವ್ವ. ಅವಳು ಕಾಲೆತ್ತಿ ಪಾವಟಿಗೆಯ ಮೇಲೆ ಇಡುವವಳು ಡ್ರೈವರನ ಮುಖ ನೋಡಿ ಕಾಲು ಹಿಂದೆ ತೆಗೆದಳು. ಕಂಡಕ್ಟರು, "ಹತ್ತವ್ವಾ, ಜಾಗ ಐತಿ" ಎಂದ. ಅವಳು ಗಂಟನ್ನು ಸರಿಮಾಡಿಕೊಂಡು ಕೆಸರು ದಾರಿಯ ಅಂಚು ಹಿಡಿದು ನಡೆಯತೊಡಗಿದಳು. ಎಂಜಿನ್ನು ಓಡುತ್ತಲೇ ಇತ್ತು. ಒಳಗಿನ ಜನ ಹೊತ್ತಾಯಿತೆಂದು ಗದ್ದಲ ಮಾಡಿದ ಮೇಲೆ ನಿಜಾಮುದ್ದೀನ ಗೇರು ಹಾಕಿ, ಅವಳ ಮೇಲೆ ಕೆಸರು ಸಿಡಿಯದಂತೆ ಬಸ್ಸನ್ನು ಬಲು ನಿಧಾನವಾಗಿ ಅವಳ ಮಗ್ಗಲಿನಿಂದ ದಾಟಿಸಿಕೊಂಡು ಹೋದ.